ಬೀಡೋ, ಅಲ್ಯೂಮಿನಿಯಮ್ಮೋ? ನಾನು ಸೊನ್ನೆ ಕೊಟ್ಟ ಒಂದು ಉತ್ತರ



ಕಳೆದ ವರ್ಷ ಹತ್ತನೇ ತರಗತಿಯ ಕಿರುಪರೀಕ್ಷೆಗೆ ನಾನು ಎರಡು ಅಂಕದ ಒಂದು ಪ್ರಶ್ನೆ ಹಾಕಿದ್ದೆ: 'ಕಾರಿನ ಎಂಜಿನ್ ಬ್ಲಾಕ್ ತಯಾರಿಸಲು ಅಲ್ಯೂಮಿನಿಯಂ ಏಕೆ ಉತ್ತಮ?' ಬೇಕಾಗಿದ್ದ ಉತ್ತರ ನಿಮಗೂ ಗೊತ್ತು. ಹಗುರ, ತುಕ್ಕು ಹಿಡಿಯದು, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಎಲ್ಲರೂ ಹಾಗೇ ಬರೆದರು, ಒಬ್ಬ ಹುಡುಗನನ್ನು ಬಿಟ್ಟು. ಅವನು ಬರೆದದ್ದು ಇಷ್ಟು: 'ಎಲ್ಲಾ ಎಂಜಿನಿಗೂ ಉತ್ತಮ ಅಲ್ಲ. ಟರ್ಬೊ ಹಾಕಿ ಜಾಸ್ತಿ ಪವರ್ ತೆಗೆಯೋದಾದರೆ ಬೀಡೇ ಒಳ್ಳೇದು.' ನಾನು ಸೊನ್ನೆ ಹಾಕಿದೆ. ಸಾಲದೆಂದು ಕೆಂಪು ಶಾಯಿಯಲ್ಲಿ 'ಬೀಡು ಎಂದರೇನು?' ಅಂತಲೂ ಬರೆದೆ.

ಮಾರನೇ ದಿನ ಅವನು ಉತ್ತರಪತ್ರಿಕೆ ಹಿಡಿದು ಬಂದ. "ಸಾರ್, ಬೀಡು ಅಂದ್ರೆ ಕಾಸ್ಟ್ ಐರನ್. ನಮ್ಮಪ್ಪ ದಿನಾ ಅದಕ್ಕೇ ಬೋರ್ ಹೊಡೀತಾರೆ" ಅಂದ. ಅವರ ತಂದೆ ಹೊಸೂರಿನ ಒಂದು ಲೇತ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಪುಸ್ತಕದ 'ಎರಕದ ಕಬ್ಬಿಣ' ನನಗೆ ಗೊತ್ತಿತ್ತು, ಅಂಗಡಿಯ 'ಬೀಡು' ಗೊತ್ತಿರಲಿಲ್ಲ. ಆದರೆ ನನ್ನ ತಪ್ಪು ಪದದಲ್ಲಿ ಮಾತ್ರ ಇರಲಿಲ್ಲ, ಪ್ರಶ್ನೆಯಲ್ಲೇ ಇತ್ತು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಬ್ಲಾಕ್ ಅಂದರೆ ಏನು ಅಂತ ನೋಡೋಣ. ಅದು ಎಂಜಿನ್ನಿನ ಬೆನ್ನೆಲುಬು. ಪಿಸ್ಟನ್‌ಗಳು ಮೇಲೆ ಕೆಳಗೆ ಓಡುವ ಸಿಲಿಂಡರ್‌ಗಳು, ಸುತ್ತ ನೀರು ಹರಿಯುವ ದಾರಿ, ಕೆಳಗೆ ಕ್ರ್ಯಾಂಕ್ ಶಾಫ್ಟ್ ಕೂರುವ ಜಾಗ, ಎಲ್ಲವೂ ಅದರಲ್ಲೇ. ಇಂಧನ ಉರಿದಾಗ ಹುಟ್ಟುವ ಒತ್ತಡವನ್ನು ಅದು ತಡೆದುಕೊಳ್ಳಬೇಕು. ಬಿಸಿಯಾದಾಗ ಆಕಾರ ಕೆಡಬಾರದು. ಸಿಲಿಂಡರ್ ಗೋಡೆ ಸವೆಯಬಾರದು. ಜೊತೆಗೆ ಭಾರವೂ ಕಡಿಮೆ ಇರಬೇಕು. ಈ ನಾಲ್ಕೂ ಒಂದೇ ಲೋಹದಲ್ಲಿ ಸಿಗುವುದಿಲ್ಲ ಎಂಬುದೇ ಇಲ್ಲಿನ ಕಷ್ಟ.

ಅಂಕಿಗಳನ್ನು ನೋಡಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ, ಅಷ್ಟೇ ಬೀಡು ಸುಮಾರು 7.2 ಗ್ರಾಂ. ಶಾಖ ಸಾಗಿಸುವುದರಲ್ಲಿ ಬ್ಲಾಕಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಬೀಡಿಗಿಂತ ಎರಡೂವರೆ ಮೂರು ಪಟ್ಟು ಮುಂದು. ಇಲ್ಲಿಯವರೆಗೆ ಅಲ್ಯೂಮಿನಿಯಮ್ಮಿಗೆ ಜಯ. ಆದರೆ ಬಾಗದೆ ನಿಲ್ಲುವ ಗುಣವನ್ನು ಅಳೆಯುವ ಯಂಗ್ ಗುಣಾಂಕ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 70 ಗಿಗಾಪ್ಯಾಸ್ಕಲ್, ಬೀಡಿನಲ್ಲಿ ಸಾಮಾನ್ಯವಾಗಿ 100ಕ್ಕೂ ಹೆಚ್ಚು. ಬಿಸಿಗೆ ಹಿಗ್ಗುವುದರಲ್ಲಿ ಅಲ್ಯೂಮಿನಿಯಂ ಬೀಡಿನ ಎರಡು ಪಟ್ಟು. 100 ಮಿಲಿಮೀಟರ್ ಅಗಲದ ಸಿಲಿಂಡರ್ 80 ಡಿಗ್ರಿ ಹೆಚ್ಚು ಬಿಸಿಯಾದರೆ ಬೀಡು ಸುಮಾರು 0.09 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 0.18 ಮಿ.ಮೀ. ಇಷ್ಟೇನಾ ಅನ್ನಬೇಡಿ. ಪಿಸ್ಟನ್ ಮತ್ತು ಗೋಡೆಯ ನಡುವೆ ಬಿಡುವ ಸಂದು ಕೂಡ ಕೂದಲೆಳೆಯ ಲೆಕ್ಕದ್ದೇ.

ಈಗ ಒಂದು ನಿಜವಾದ ಉದಾಹರಣೆ. ಅಮೆರಿಕದ ಜನರಲ್ ಮೋಟರ್ಸ್ 1997ರ ಕಾರ್ವೆಟ್ ಕಾರಿಗೆ ಎಲ್‌ಎಸ್1 ಎಂಬ 5.7 ಲೀಟರಿನ ವಿ8 ಎಂಜಿನ್ ತಂದಿತು. ಅದರ ಬ್ಲಾಕ್ ಅಲ್ಯೂಮಿನಿಯಂ. ಆಮೇಲೆ ಅದೇ ಕುಟುಂಬದ ಎಂಜಿನ್‌ಗಳನ್ನು ಪಿಕಪ್ ಟ್ರಕ್ಕುಗಳಿಗಾಗಿ ಬೀಡಿನ ಬ್ಲಾಕಿನಲ್ಲೂ ಮಾಡಿದರು. ಹಳೇ ಕಾರನ್ನು ಬಿಚ್ಚಿ, ಜಾಸ್ತಿ ಶಕ್ತಿಯ ಎಂಜಿನ್ ಕೂರಿಸಿ ಹೊಸದಾಗಿ ಕಟ್ಟುವ ಹವ್ಯಾಸ ಅಲ್ಲಿ ದೊಡ್ಡದು. ಹಾಗೆ ಕಟ್ಟುವವರು ಮೊದಲು ಕೇಳಿಕೊಳ್ಳುವುದೇ ಇದನ್ನು: ಕಾರ್ವೆಟ್ಟಿನ ಅಲ್ಯೂಮಿನಿಯಂ ಬ್ಲಾಕೋ, ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಟ್ರಕ್ಕಿನ ಬೀಡಿನ ಬ್ಲಾಕೋ?

ಬರಿ ಬ್ಲಾಕ್ ತೂಗಿದರೆ ಅಲ್ಯೂಮಿನಿಯಮ್ಮಿನದು ಸುಮಾರು 50 ಕಿಲೋ, ಬೀಡಿನದು ಸುಮಾರು 95 ಕಿಲೋ. ಇಲ್ಲೊಂದು ಸ್ವಾರಸ್ಯ ಇದೆ. ಸಾಂದ್ರತೆಯ ಲೆಕ್ಕದಂತೆ 95 ಕಿಲೋ ಬ್ಲಾಕಿನ ಜಾಗದಲ್ಲಿ ಅಲ್ಯೂಮಿನಿಯಂ ಬ್ಲಾಕ್ 36 ಕಿಲೋ ಇರಬೇಕಿತ್ತು. ಉಳಿದ 14 ಕಿಲೋ ಎಲ್ಲಿಂದ ಬಂತು? ಅಲ್ಯೂಮಿನಿಯಂ ಬೇಗ ಬಾಗುತ್ತದೆ, ಆದ್ದರಿಂದ ಗೋಡೆಗಳನ್ನು ದಪ್ಪ ಮಾಡಬೇಕು. ಬೇಗ ಸವೆಯುತ್ತದೆ, ಆದ್ದರಿಂದ ಪಿಸ್ಟನ್ ಉಜ್ಜುವ ಕಡೆ ಬೀಡಿನದೇ ಸ್ಲೀವ್ ಕೂರಿಸಬೇಕು. 'ಅಲ್ಯೂಮಿನಿಯಂ ಎಂಜಿನ್' ಅಂತ ಹೊಗಳಿದ ಎಂಜಿನ್ನಿನ ಹೊಟ್ಟೆಯಲ್ಲೂ ಬೀಡೇ ಕೂತಿದೆ! ಪುಸ್ತಕದ ಸಾಂದ್ರತೆಯ ಪಟ್ಟಿ ಇದನ್ನು ಹೇಳುವುದಿಲ್ಲ.

ಸರಿ, 45 ಕಿಲೋ ಉಳಿಯಿತು. ಇದರಿಂದ ಎಷ್ಟು ಲಾಭ? ಬಲ = ದ್ರವ್ಯರಾಶಿ × ವೇಗೋತ್ಕರ್ಷ. 1,400 ಕಿಲೋ ಕಾರು 1,355 ಕಿಲೋ ಆದರೆ, ಅದೇ ಬಲಕ್ಕೆ ವೇಗೋತ್ಕರ್ಷ ನೂರಕ್ಕೆ ಮೂರರಷ್ಟು ಏರುತ್ತದೆ. ತಿರುವು ಜಾಸ್ತಿ ಇರುವ ರೇಸ್ ಟ್ರ್ಯಾಕಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಯಾಕೆಂದರೆ ಆ ಭಾರ ಮುಂದಿನ ಚಕ್ರಗಳ ಮೇಲಿರುತ್ತದೆ. ಮೂಗು ಹಗುರವಾದ ಕಾರು ಚುರುಕಾಗಿ ತಿರುಗುತ್ತದೆ. ಆದರೆ ನೇರ ದಾರಿಯಲ್ಲಿ ಓಡಿಸಲು ಟರ್ಬೊ ಹಾಕಿ ಎಂಜಿನ್ನಿನ ಶಕ್ತಿಯನ್ನು ಒಂದೂವರೆ ಪಟ್ಟು ಮಾಡುವವನಿಗೆ ಈ ನೂರಕ್ಕೆ ಮೂರು ದೊಡ್ಡದಲ್ಲ. ಅವನಿಗೆ ಬೇಕಾದದ್ದು ಒತ್ತಡಕ್ಕೆ ಜಗ್ಗದ ಗೋಡೆ. ಕಡಿಮೆ ದುಡ್ಡಿನಲ್ಲಿ ಅದು ಸಿಗುವುದು ಬೀಡಿನಲ್ಲಿ.

ಜಪಾನಿನ ಟೊಯೊಟಾ ಸುಪ್ರಾ ಇದಕ್ಕೆ ಸಾಕ್ಷಿ. 1993ರಲ್ಲಿ ಬಂದ ಆ ಕಾರಿನ ಮೂರು ಲೀಟರಿನ ಟರ್ಬೊ ಎಂಜಿನ್ 2ಜೆಝಡ್-ಜಿಟಿಇಯ ಬ್ಲಾಕ್ ಬೀಡಿನದು. ಜಪಾನಿನಲ್ಲಿ ಅದರ ಶಕ್ತಿ 280 ಅಶ್ವಶಕ್ತಿ ಎಂದು ಕಂಪನಿ ಹೇಳಿತ್ತು. ಬ್ಲಾಕ್ ಬದಲಾಯಿಸದೆಯೇ ಅದರಿಂದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ತೆಗೆದವರು ಬಹಳ ಮಂದಿ. ಇನ್ನೊಂದು ಕಡೆ, 1971ರ ಷೆವ್ರೊಲೆ ವೆಗಾ ಕಾರಿನ ಬ್ಲಾಕ್ ಸ್ಲೀವೇ ಇಲ್ಲದ ಅಲ್ಯೂಮಿನಿಯಂ. ಸವೆಯದಿರಲೆಂದು ಅದಕ್ಕೆ ಸಿಲಿಕಾನ್ ಬೆರೆಸಿದ್ದರು. ನೀರು ಕಡಿಮೆಯಾಗಿ ಎಂಜಿನ್ ಕಾದರೆ ಬ್ಲಾಕ್ ಸೊಟ್ಟಗಾಗುತ್ತಿತ್ತು, ಗೋಡೆ ಗೀಚಿಹೋಗುತ್ತಿತ್ತು. ಕಾರಿಗೆ ಕೆಟ್ಟ ಹೆಸರು ಬಂತು.

ಅಷ್ಟು ದೂರ ಯಾಕೆ, ನಮ್ಮ ರಸ್ತೆಯಲ್ಲೇ ನೋಡಿ. ಮಾರುತಿ ಸ್ವಿಫ್ಟ್ ಪೆಟ್ರೋಲ್ ಕಾರಿನ ಬ್ಲಾಕ್ ಅಲ್ಯೂಮಿನಿಯಂ. ಹಿಂದೆ ಬರುತ್ತಿದ್ದ 1.3 ಲೀಟರ್ ಡೀಸೆಲ್ ಸ್ವಿಫ್ಟ್‌ನ ಬ್ಲಾಕ್ ಬೀಡು. ಒಂದೇ ಹೆಸರು, ಒಂದೇ ಬಾಡಿ, ಲೋಹ ಎರಡು. ಆ ಡೀಸೆಲ್ ಎಂಜಿನ್ ಗಾಳಿಯನ್ನು 17 ಪಟ್ಟಿಗೂ ಹೆಚ್ಚು ಒತ್ತುತ್ತಿತ್ತು, ಆಗಿನ ಪೆಟ್ರೋಲ್ ಎಂಜಿನ್ ಒತ್ತುತ್ತಿದ್ದುದು ಹತ್ತು ಹನ್ನೊಂದು ಪಟ್ಟು. ಕೆಲಸ ಬೇರೆ, ಅದಕ್ಕೆ ತಕ್ಕ ಲೋಹವೂ ಬೇರೆ.

ಹಾಗಾದರೆ ನನ್ನ ವಿದ್ಯಾರ್ಥಿ ಬರೆದದ್ದು ಪೂರ್ತಿ ಸರಿಯೇ? ಅದೂ ಅಲ್ಲ. ನಿಸ್ಸಾನ್ 2007ರಲ್ಲಿ ತಂದ ಜಿಟಿ-ಆರ್ ಕಾರಿನ 3.8 ಲೀಟರ್ ಎಂಜಿನ್ನಿಗೆ ಎರಡು ಟರ್ಬೊ ಇವೆ, ಆದರೂ ಬ್ಲಾಕ್ ಅಲ್ಯೂಮಿನಿಯಂ. ಸ್ಲೀವಿನ ಬದಲು ಗೋಡೆಗೆ ಲೋಹವನ್ನು ಕರಗಿಸಿ ಸಿಂಪಡಿಸಿದ ತೆಳು ಲೇಪ ಇದೆ. ಒಳ್ಳೇ ವಿನ್ಯಾಸ, ಒಳ್ಳೇ ತಂಪು ವ್ಯವಸ್ಥೆ, ಜೊತೆಗೆ ದುಡ್ಡು ಇದ್ದರೆ ಅಲ್ಯೂಮಿನಿಯಂ ಕೂಡ ಟರ್ಬೊ ತಡೆಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದು ಟರ್ಬೊ ಹಾಕುವವನು ಬೀಡನ್ನೇ ಆರಿಸಲಿ. ಸವೆದರೆ ಬೋರ್ ಹೊಡೆದು ದೊಡ್ಡ ಪಿಸ್ಟನ್ ಹಾಕಬಹುದು, ಬೋಲ್ಟಿನ ಮರೆಯೂ ಬೇಗ ಹೋಗುವುದಿಲ್ಲ. ತಿರುವುಗಳ ಟ್ರ್ಯಾಕಿನಲ್ಲಿ ಓಡಿಸುವವನು ಅಲ್ಯೂಮಿನಿಯಂ ಆರಿಸಲಿ. (ನಮ್ಮ ದೇಶದಲ್ಲಿ ರಸ್ತೆಗೆ ಇಳಿಸುವ ಗಾಡಿಯ ಎಂಜಿನ್ನನ್ನು ಅನುಮತಿ ಇಲ್ಲದೆ ಬದಲಾಯಿಸುವಂತಿಲ್ಲ, ಅದನ್ನೂ ನೆನಪಿಡಿ.) ಆದರೆ 'ಯಾವುದು ಉತ್ತಮ?' ಅಂತ ಯಾರಾದರೂ ಕೇಳಿದರೆ, 'ಯಾವ ಕೆಲಸಕ್ಕೆ?' ಅಂತ ತಿರುಗಿ ಕೇಳಿ. ಕೇಳಿದವರು ನಿಮ್ಮ ಮೇಷ್ಟ್ರೇ ಆಗಿದ್ದರೂ ಪರವಾಗಿಲ್ಲ.

ಶಿಕ್ಷಕ ಮಿತ್ರರಿಗೂ ಒಂದು ಮಾತು. ಗಡಿಭಾಗದ ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಲೇತ್ ಇದೆ, ಗ್ಯಾರೇಜ್ ಇದೆ, ಪಂಪ್‌ಸೆಟ್ ರಿಪೇರಿ ಇದೆ. ಅಲ್ಲಿನ ಪದ ಪುಸ್ತಕದಲ್ಲಿ ಇಲ್ಲವೆಂದು ನಾವು ಸೊನ್ನೆ ಹಾಕಿದರೆ, ಆ ಮಗು ಇನ್ನೊಮ್ಮೆ ತನಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ನಮಗೆ ಬೇಕಾದ್ದನ್ನು ಮಾತ್ರ ಬರೆಯುತ್ತದೆ. ನಾನು ಹಾಗೆ ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ.

ಮಕ್ಕಳೇ, ನೀವು ಒಂದು ಪ್ರಯೋಗ ಮಾಡಿ. ಹತ್ತಿರದ ಗ್ಯಾರೇಜಿನಿಂದ ಹಳೇ ಬೈಕಿನ ಪಿಸ್ಟನ್ ಒಂದು, ಸವೆದ ಸ್ಲೀವ್ ಒಂದು ಕೇಳಿ ತನ್ನಿ. ಪಿಸ್ಟನ್ನಿನ ಪಿನ್ನು, ರಿಂಗು ತೆಗೆಸಿ, ಎಣ್ಣೆ ಒರೆಸಿ, ತೂಕ ಬರೆದಿಡಿ. ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳತೆಯ ಜಾಡಿಯಲ್ಲಿ ಅಳೆಯಿರಿ. ತೂಕವನ್ನು ಆ ನೀರಿನ ಗಾತ್ರದಿಂದ ಭಾಗಿಸಿ. ಒಂದು 2.7ರ ಹತ್ತಿರ, ಇನ್ನೊಂದು 7.2ರ ಹತ್ತಿರ ಬರಬೇಕು. ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಯೋಚಿಸಿ ಬರೆದು ಕಳಿಸಿ.

ಅಂದಹಾಗೆ, ಆ ಹುಡುಗನ ಸೊನ್ನೆ ಹೊಡೆದು ಒಂದೂವರೆ ಅಂಕ ಕೊಟ್ಟೆ. ಅರ್ಧ ಅಂಕ ಯಾಕೆ ಹಿಡಿದೆ ಅಂತ ಜಿಟಿ-ಆರ್ ಕಥೆ ಹೇಳಿದೆ. ಅವನಿಗೆ ಒಪ್ಪಿಗೆಯಾಗಿಲ್ಲ. "ಅಪ್ಪನ್ನ ಕೇಳ್ಕೊಂಡು ಬರ್ತೀನಿ ಸಾರ್" ಅಂತ ಹೋದ.