ಚಾರ್ಜರ್‌ಗೆ ಅರ್ಥ್ ಬೇಕು, ನಮಗೆ ಅರ್ಥವೂ ಬೇಕು!

ಕನ್ನಡದ ಯುವಕ ಯುವತಿಯರೇ,

ನಿಮ್ಮ ಮನೆಯ ಎಲೆಕ್ಟ್ರಿಕ್ ಸ್ಕೂಟರ್ ಜತೆ ಬಂದ ಪುಸ್ತಕ ಎಲ್ಲಿದೆ? ಹುಡುಕಿ ತೆಗೆಯಿರಿ. ಅರ್ಥಿಂಗ್ ಬಗ್ಗೆ ಬರೆದ ಪುಟ ತೆರೆಯಿರಿ. ಅದು ಕನ್ನಡದಲ್ಲಿದೆಯೇ? ಇದ್ದರೆ ಆ ಕಂಪನಿಗೊಂದು ನಮಸ್ಕಾರ ಹಾಕಿ. ಇಲ್ಲದಿದ್ದರೆ ಇದನ್ನು ಪೂರ್ತಿ ಓದಿ. ಇದು ಬರೀ ಅಭಿಮಾನದ ಮಾತಲ್ಲ, ಪ್ರಾಣದ ಮಾತು!

ಎಲೆಕ್ಟ್ರಿಕ್ ಗಾಡಿ ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲೇ ಬೆಂಗಳೂರಿನಿಂದ ರೇವಾ ಕಾರು ಹೊರಬಂತು. 2017ರಲ್ಲಿ ಇದಕ್ಕೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಹೆಮ್ಮೆಪಡೋಣ. ಆದರೆ ಗಾಡಿ ಬೆಂಗಳೂರಿನಲ್ಲೇ ನಿಲ್ಲುವುದಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯ ಹುಮನಾಬಾದ್‌ಗೂ ಹೋಗುತ್ತದೆ, ಲಾರಿ ರಿಪೇರಿಗೆ ಹೆಸರಾದ ಬಸವಕಲ್ಯಾಣಕ್ಕೂ ಹೋಗುತ್ತದೆ. ಅಲ್ಲಿ ಅದಕ್ಕೆ ಕಾದಿರುವ ಶತ್ರು ಯಾರು ಗೊತ್ತೇ? ಹೆಚ್ಚು ವೋಲ್ಟೇಜ್!

ಈ ಶತ್ರು ಎರಡು ವೇಷದಲ್ಲಿ ಬರುತ್ತದೆ. ಮೊದಲನೆಯದು ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ತಂತಿಯ ಮೇಲೆ ಸಾವಿರಾರು ವೋಲ್ಟ್ ಕ್ಷಣಾರ್ಧದಲ್ಲಿ ನುಗ್ಗುತ್ತದೆ. ಇದನ್ನು ತಡೆಯಲು ಚಾರ್ಜರ್ ಒಳಗೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇಡುತ್ತಾರೆ. ಎಂ.ಓ.ವಿ. ಎಂದು ಅದರ ಹೆಸರು. ವೋಲ್ಟೇಜ್ ಏರಿದೊಡನೆ ಅದು ದಾರಿ ಬಿಟ್ಟು ಕರೆಂಟನ್ನು ಭೂಮಿಗೆ ಇಳಿಸಬೇಕು. ಆದರೆ ಭೂಮಿಗೆ ಹೋಗುವ ತಂತಿಯೇ ಇಲ್ಲದಿದ್ದರೆ? ಮೂರನೇ ಪಿನ್ ಮುರಿದು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿದರೆ? ಬಿಲ್ಲೆಯ ಅರ್ಧ ಶಕ್ತಿ ಅಲ್ಲೇ ಸತ್ತಿತು!

ಎರಡನೆಯದು ನ್ಯೂಟ್ರಲ್ ಕಡಿತ. ಇದು ಇನ್ನೂ ಕುತಂತ್ರಿ. ಮನೆಗೆ ಬರಬೇಕಾದದ್ದು 230 ವೋಲ್ಟ್. ನಿಯಮದಂತೆ ಶೇಕಡ 6ರಷ್ಟು ಏರುಪೇರು, ಅಂದರೆ ಸುಮಾರು 216ರಿಂದ 244. ಟಿ.ಸಿ.ಯಿಂದ ಬರುವ ನ್ಯೂಟ್ರಲ್ ತಂತಿ ಕಡಿದರೆ ಈ ಲೆಕ್ಕವೆಲ್ಲ ಬುಡಮೇಲು. ಕಡಿಮೆ ಲೋಡಿರುವ ಫೇಸ್‌ನ ಮನೆಗೆ 400ರ ಹತ್ತಿರ ವೋಲ್ಟ್ ನುಗ್ಗಬಹುದು. ಅದೂ ಕ್ಷಣಕ್ಕಲ್ಲ, ಲೈನ್‌ಮನ್ ಬಂದು ಸರಿಪಡಿಸುವ ತನಕ! ಸಿಡಿಲಿಗೆಂದು ಇಟ್ಟ ಬಿಲ್ಲೆ ಇದನ್ನು ತಾಳದು. ಕಾದು ಸುಟ್ಟುಹೋಗುತ್ತದೆ. ಇದಕ್ಕೆ ಬೇರೆಯೇ ಕಾವಲುಗಾರ ಬೇಕು. ವೋಲ್ಟೇಜ್ ಮಿತಿ ದಾಟಿದೊಡನೆ ಸಂಪರ್ಕ ಕಡಿದು, ಸರಿಯಾದ ಮೇಲೆ ಸ್ವಲ್ಪ ಕಾದು ಮತ್ತೆ ಜೋಡಿಸುವ ರಿಲೇ.

2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಎ.ಐ.ಎಸ್. 156 ಮಾನದಂಡವನ್ನು ಬಿಗಿಗೊಳಿಸಿತು. ಬ್ಯಾಟರಿ ಮಿತಿಮೀರಿ ಚಾರ್ಜ್ ಆಗದಂತೆ ತಡೆಯುವುದು ಕಡ್ಡಾಯ. ಒಳ್ಳೆಯದೇ. ಆದರೆ ಗೋಡೆಯ ಸಾಕೆಟ್, ಅಂಗಳದ ಅರ್ಥ್ ಗುಂಡಿ ಯಾರ ಕೈಯಲ್ಲಿವೆ? ಊರಿನ ವೈರ್‌ಮನ್ ಕೈಯಲ್ಲಿ! ಬೇಸಿಗೆಯಲ್ಲಿ ನೆಲ ಒಣಗಿದಾಗ ಗುಂಡಿಗೆ ನೀರು ಹಾಕಬೇಕು, ಇಲ್ಲದಿದ್ದರೆ ಅರ್ಥ್ ಕೆಲಸ ಮಾಡದು ಎಂದು ಅವನಿಗೆ ಹೇಳುವವರಾರು? ಎಂಜಿನಿಯರ್ ಮಾಡಿದ ರಕ್ಷಣೆಯ ಕೊನೆಯ ಕೊಂಡಿ ಅವನು. ಅವನಿಗೆ ತಿಳಿಯದ ಭಾಷೆಯಲ್ಲಿ ಸೂಚನೆ ಬರೆದವರು ಆ ಕೊಂಡಿಯನ್ನು ತಾವೇ ಕಳಚಿದಂತೆ!

ಕಾನೂನು ಇಲ್ಲವೇ? ಇದೆ. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ‘ರಾಜ್ಯದಲ್ಲಿ ತಯಾರಾದ’ ಎಂಬ ಮಾತು ಗಮನಿಸಿ! ಗಡಿಯಾಚೆ ಹೊಸೂರಿನಲ್ಲಿ ತಯಾರಾದ ಗಾಡಿಯ ಕತೆ ಏನು? ಚೀನಾದಿಂದ ಬಂದ ಚಾರ್ಜರ್ ಕತೆ ಏನು? ಸಿಡಿಲು ಗಡಿ ನೋಡಿ ಬಡಿಯುತ್ತದೆಯೇ?

ಬೆಂಗಳೂರಿನ ಕಂಪನಿಗಳಲ್ಲಿ ಕೂತಿರುವ ಕನ್ನಡದ ಎಂಜಿನಿಯರ್‌ಗಳೇ, ಈ ಪ್ರಶ್ನೆ ನಿಮಗೂ ಇದೆ. ನಿಮ್ಮ ಲ್ಯಾಬಿನ ಕರೆಂಟಿಗೆ ಮಾತ್ರ ಚಾರ್ಜರ್ ಮಾಡಬೇಡಿ, ಹುಮನಾಬಾದ್ ಸಂದಿಯ ಕರೆಂಟಿಗೂ ಮಾಡಿ. 400 ವೋಲ್ಟ್ ಬಂದರೂ ಸುಡದಂತೆ ಮಾಡಿ. ಅರ್ಥ್ ಇಲ್ಲದಿದ್ದರೆ ಕೆಂಪು ದೀಪ ಹತ್ತಲಿ. ಆ ದೀಪದ ಕೆಳಗೆ ಕನ್ನಡದಲ್ಲಿ ಬರೆಯಿರಿ: ‘ಅರ್ಥ್ ಇಲ್ಲ, ವೈರ್‌ಮನ್ ಕರೆಸಿ.’ ನಾಲ್ಕೇ ಪದ! ಇದಕ್ಕೆ ಎಷ್ಟು ಖರ್ಚು?

ಬಸವಕಲ್ಯಾಣ ಯಾವ ಊರು ಎಂದು ನೆನಪಿಸಿಕೊಳ್ಳಿ. 12ನೇ ಶತಮಾನದಲ್ಲಿ ಶರಣರು ಅತಿ ದೊಡ್ಡ ವಿಚಾರಗಳನ್ನು ಕಾಯಕದವರ ಕನ್ನಡದಲ್ಲೇ ಹೇಳಿದ ನೆಲ ಅದು. ಅಲ್ಲಿನ ಗ್ಯಾರೇಜಿನ ಹುಡುಗನಿಗೆ ಒಂದು ಚಾರ್ಜರ್ ವಿಷಯ ಕನ್ನಡದಲ್ಲಿ ಹೇಳಲಾಗದೇ?

ಗೆಳೆಯರೇ, ಮುಂದಿನ ಸಲ ಶೋರೂಮಿಗೆ ಹೋದಾಗ ಬಣ್ಣ, ಮೈಲೇಜ್ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳಿ. ನ್ಯೂಟ್ರಲ್ ಕಡಿದರೆ ನಿಮ್ಮ ಚಾರ್ಜರ್ ಏನು ಮಾಡುತ್ತದೆ? ಅದರ ಸೂಚನೆ ಕನ್ನಡದಲ್ಲಿ ಎಲ್ಲಿದೆ? ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ!