ಹಂಪಿ ಊರಿಗೆ ಬಂದಾಗ

ಹೊಸಪೇಟೆಯ ಮಕ್ಕಳು ಹಂಪಿಯ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ದೊಡ್ಡವರಾಗುವುದಿಲ್ಲ. ಆ ಫೋಟೊದ ಒಳಗೇ ನಿಲ್ಲುವಂತಿದ್ದರೆ? ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು ‘ಪ್ಲೇಸ್-ಹಂಪಿ’ಯಲ್ಲಿ ಮಾಡಿದ್ದು ಅದನ್ನೇ.

ಮನುಷ್ಯನ ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿದೆ. ಒಂದೇ ಕಂಬ ಎರಡೂ ಕಣ್ಣಿಗೆ ತುಸು ಬೇರೆಯಾಗಿ ಕಾಣುತ್ತದೆ. ಮಿದುಳು ಎರಡನ್ನೂ ಬೆಸೆದು ದೂರವನ್ನು ಅಳೆಯುತ್ತದೆ. ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಯ ಸುತ್ತುನೋಟಗಳನ್ನು ಹೀಗೆ ಕಣ್ಣಿಗೊಂದರಂತೆ ಸೆರೆಹಿಡಿದರು. ನೋಡುಗ ವಿಶೇಷ ಕನ್ನಡಕ ಹಾಕಿ ನಡುವಿನ ಕಟ್ಟೆಯ ಮೇಲೆ ನಿಂತರಾಯಿತು. ಕಟ್ಟೆಯನ್ನು ತಿರುಗಿಸುವವನೂ ಅವನೇ. ಅವನು ತಿರುಗಿದತ್ತ ಚಿತ್ರವೂ ತಿರುಗುತ್ತದೆ. ಬಂಡೆಗಳ ನಡುವೆ ಆನಿಮೇಷನ್ನಿನ ದೇವತೆಗಳು ಓಡಾಡುತ್ತಾರೆ. ನಾಟಕದಲ್ಲಿ ಪ್ರೇಕ್ಷಕನೇ ರಂಗದ ನಡುವೆ ನಿಂತಂತೆ!

ಇದನ್ನು ಮೊದಲು ಕಂಡವರು ಮಾತ್ರ ಫ್ರಾನ್ಸಿನ ಲೀಲ್ ನಗರದವರು, 2006ರಲ್ಲಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಜಿಂದಾಲ್ ಉಕ್ಕು ಕಾರ್ಖಾನೆಯ ವಸತಿನಗರದ ‘ಕಲಾಧಾಮ’ಕ್ಕೆ ಅದು ಬಂದದ್ದು 2012ರಲ್ಲಿ. ಅಷ್ಟರಲ್ಲಿ, 2011ರ ಜುಲೈನಲ್ಲಿ, ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ-ಮನೆ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಗಿತ್ತು. ಪರದೆಯ ಹಂಪಿಯಲ್ಲಿ ದೇವತೆಗಳ ಓಡಾಟ. ನಿಜವಾದ ಬಜಾರಿನಲ್ಲಿ ಬರಿಯ ಕಂಬಗಳು.