ಹಳ್ಳದ ಖಾತೆ

ಮೊನ್ನೆ ಸಂಜೆ ಪಟಾನ್‌ಚೆರು ಪಕ್ಕದ ನಕ್ಕವಾಗು ದಂಡೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಕೂತೆ. ಎರಡು ತಾಸಾದರೂ ಬೆಂಡು ಅಲುಗಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ನಕ್ಕ: "ಫ್ಯಾಕ್ಟರಿ ನೀರಲ್ಲಿ ಮೀನೆಲ್ಲಿ ಸಾರ್?" ಬೀದರಿನಲ್ಲಿ ನಾನು ಗಾಳ ಹಿಡಿಯಲು ಕಲಿತ ಮಾಂಜ್ರಾ ನದಿಗೇ ಈ ಹಳ್ಳವೂ ಸೇರುವುದು.

ಔಷಧಿ ಬೇಡವೇ, ನೌಕರಿ ಬೇಡವೇ ಅನ್ನುತ್ತಾರೆ. ಬೇಕು. ಆದರೆ 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲ್ಲಿ 'ಶುದ್ಧ' ಮಾಡಿ ಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಕಂಡರು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಲಾಭ ಅವರ ಖಾತೆಗೆ, ಖರ್ಚು ಹಳ್ಳದ ಖಾತೆಗೆ. ಇದ್ಯಾವ ಲೆಕ್ಕ ಸ್ವಾಮಿ?

ಇಂಥ ಕಾರ್ಖಾನೆಗಳ ಸಾಲದ ಕಡತಕ್ಕೆ ನಾನೂ ಸಹಿ ಹಾಕಿದವನೇ. ಭದ್ರತೆ ನೋಡಿದೆ, ಬಡ್ಡಿ ನೋಡಿದೆ. ನೀರು ಎಲ್ಲಿಗೆ ಬಿಡ್ತೀರಿ ಅಂತ ಒಬ್ಬರನ್ನೂ ಕೇಳಲಿಲ್ಲ.